ಹಾಸ್ಯಗಾರರಿಗೂ ಬಣ್ಣ ತೆಗೆಯಲು ಬಿಡಿ: ಕಾಸರಗೋಡಿನ ಯಕ್ಷಗಾನ ಸಂಘಟಕರಿಗೆ, ಪ್ರೇಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೇಳದ ಯಜಮಾನರೇ, ಆಟ ಆಡಿಸುವ ಸಂಘ-ಸಮಿತಿಗಳ ಹಿರಿಯರೇ, ನಮ್ಮ ಊರಿನ ಯಕ್ಷಗಾನ ಪ್ರೇಕ್ಷಕರೇ,

ನಿಮಗೆಲ್ಲ ನಮಸ್ಕಾರ.

ನಾನು ಬದಿಯಡ್ಕದ ಹತ್ತಿರದ ಒಬ್ಬ ಮದ್ದಳೆಗಾರ. 22 ವರ್ಷದಿಂದ ಹಿಮ್ಮೇಳದಲ್ಲಿ ಕೂತಿದ್ದೇನೆ. ಪತ್ರ ಬರೆದು ಅಭ್ಯಾಸ ಇಲ್ಲ. ಆದರೆ ಈಗ ಆಟಿ ತಿಂಗಳು. ಮೇಳಗಳು ವರ್ಷದ ತಿರುಗಾಟ ಮುಗಿಸುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಎರಡು ತಿಂಗಳಾಯಿತು. ಮುಂದಿನ ತಿರುಗಾಟಕ್ಕೆ ಕಲಾವಿದರನ್ನು ಮಾತಾಡಿಸುವುದು, ಮುಂಗಡ ಕೊಡುವುದು ಎಲ್ಲ ಶುರುವಾಗುವ ಹೊತ್ತು. ಈಗ ಹೇಳದಿದ್ದರೆ ಮತ್ತೆ ದೀಪಾವಳಿ ಬರುತ್ತದೆ, ಆಟ ಸುರುವಾಗುತ್ತದೆ, ಯಾರಿಗೂ ಕೇಳುವ ಪುರುಸೊತ್ತು ಇರುವುದಿಲ್ಲ.

ನಾನು ಬರೆಯುತ್ತಿರುವುದು ನನ್ನ ಗೆಳೆಯರೊಬ್ಬರ ಬಗ್ಗೆ. ಅವರು ಹಾಸ್ಯಗಾರರು. ಹೆಸರು ಹೇಳುವುದಿಲ್ಲ. ಮೇಳದ ಹೆಸರೂ ಬೇಡ. ಈ ಪತ್ರವನ್ನು ಮೊದಲು ಅವರಿಗೇ ಓದಿ ಹೇಳಿದೆ. ಒಂದು ವಾಕ್ಯ ತೆಗೆಯಲು ಹೇಳಿದರು, ತೆಗೆದಿದ್ದೇನೆ. ಉಳಿದದ್ದು ಇರಲಿ ಎಂದರು.

ಮೂರು ವರ್ಷದ ಹಿಂದೆ ಅವರು ಒಂದು ಮುದುಕ ದೂತನ ವೇಷ ಕಟ್ಟಿದರು. ಸಣ್ಣ ಪಾತ್ರ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಸ್ಥಾನಕ್ಕೆ ಬರುವ ದೂತ, ವಯಸ್ಸಾಗಿದೆ, ಕಿವಿ ಕೇಳುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈಯನ್ನು ಕಿವಿಗೆ ಹಿಡಿದು "ಆಂ? ಆಂ?" ಎಂದು ನಗಿಸಿ ಹೋಗುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಅವರ ಊರಿನಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ವರ್ಷಗಟ್ಟಲೆ ದುಡಿದು ಕಿವಿ ಕಳಕೊಂಡ ಒಬ್ಬ ಅಜ್ಜ ಇದ್ದರು. ಇವರು ಒಂದು ತಿಂಗಳು ಸಂಜೆ ಹೊತ್ತು ಆ ಅಜ್ಜನ ಜಗಲಿಯಲ್ಲಿ ಕೂತರು. ಅಜ್ಜ ಯಾವ ಕಿವಿಯನ್ನು ಮುಂದೆ ತರುತ್ತಾರೆ, ಎದುರಿನವರ ತುಟಿಯನ್ನು ಹೇಗೆ ನೋಡುತ್ತಾರೆ, ಎಲ್ಲ ಗಮನಿಸಿದರು. ಆಮೇಲೆ ಎರಡೂ ಕಿವಿಗೆ ಹತ್ತಿ ತುರುಕಿ ಒಂದು ವಾರ ಪೇಟೆ ತಿರುಗಿದರು. ಹಿಂದಿನಿಂದ ಜೀಪು ಬಂದದ್ದು ಗೊತ್ತಾಗದೆ ಒಮ್ಮೆ ಬಿದ್ದದ್ದೂ ಉಂಟು.

ಅವರು ಕಂಡುಕೊಂಡ ಒಂದು ಸಂಗತಿ ನನಗೆ ಇವತ್ತಿಗೂ ಮರೆಯುವುದಿಲ್ಲ. "ನೋಡಿ, ಎಲ್ಲರೂ ನಕ್ಕ ಮೇಲೆ ಅಜ್ಜ ನಗುತ್ತಾರೆ. ಅವರಿಗೆ ಮಾತು ಕೇಳಿರುವುದಿಲ್ಲ. ಬೇರೆಯವರ ಮುಖ ನೋಡಿ, ಇದು ನಗುವ ಮಾತು ಅಂತ ತಿಳಿದು, ಆಮೇಲೆ ನಗುತ್ತಾರೆ" ಎಂದರು. ರಂಗಸ್ಥಳದಲ್ಲಿ ಅವರು ಆ ನಗುವನ್ನು ಒಂದು ಅಕ್ಷರಕಾಲ ತಡವಾಗಿ ತಂದರು. ಆ ಖಾಲಿ ಜಾಗದಲ್ಲಿ ನಾನು ಮದ್ದಳೆಗೆ ಒಂದೇ ಒಂದು ಬೆರಳು ತಾಗಿಸುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನ ಕೆಲವು ಮುದುಕರು ಮಾತ್ರ ನಗದೆ, ಕಣ್ಣು ಒರೆಸಿಕೊಳ್ಳುತ್ತಿದ್ದರು. 22 ವರ್ಷದಲ್ಲಿ ನಾನು ನುಡಿಸಿದ ಅತಿ ಒಳ್ಳೆಯ ಪೆಟ್ಟು ಯಾವುದು ಅಂದರೆ ಆ ಒಂದು ಬೆರಳಿನದ್ದೇ.

ಆಟದ ದಿನ ಅವರು ಬೆಳಿಗ್ಗೆಯಿಂದಲೇ ಆ ಅಜ್ಜ ಆಗುತ್ತಿದ್ದರು. ವೇಷ ಕಟ್ಟುವ ಚೌಕಿಯಲ್ಲಿ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಹೆಗಲು ಮುಟ್ಟಬೇಕಿತ್ತು. ಇದನ್ನು ನಾವು ಯಾರೂ ತಪ್ಪು ಎಂದು ನೋಡಲಿಲ್ಲ. ಪಾತ್ರದ ಒಳಗೆ ಹೋಗದೆ ಪಾತ್ರ ಆಗುವುದಿಲ್ಲ ಎಂದು ನಮ್ಮ ಗುರುಗಳೇ ಕಲಿಸಿದ್ದಾರೆ. ಹೆಸರಾಂತ ಹಾಸ್ಯಗಾರರಾದ ಪೆರುವೋಡಿ ನಾರಾಯಣ ಭಟ್ಟರ ಪಾಪಣ್ಣನ ವೇಷವನ್ನು ನೋಡಿದವರಿಗೆ, ಮಿಜಾರು ಅಣ್ಣಪ್ಪನವರನ್ನು ನೋಡಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ.

ಆಮೇಲೆ ಯಾರೋ ಮೊಬೈಲಿನಲ್ಲಿ ತೆಗೆದ ಒಂದೂವರೆ ನಿಮಿಷದ ವಿಡಿಯೋ ಊರೆಲ್ಲ ಹರಡಿತು. ಅದರಲ್ಲಿ ರಾಜ ಸಿಟ್ಟಿನಿಂದ ಒಂದು ಮಾತು ಹೇಳುತ್ತಾನೆ, ದೂತ ಕತ್ತು ಓರೆ ಮಾಡಿ "ಕೇಳ್ಲಿಲ್ಲ ಮಾರಾಯ್ರೆ, ಇನ್ನೊಮ್ಮೆ ಹೇಳಿ" ಎನ್ನುತ್ತಾನೆ. ಅಷ್ಟೇ. ಮುಂದಿನ ಎರಡು ತಿಂಗಳಲ್ಲಿ ಕುಂಬಳೆಯಿಂದ ಕೊಲ್ಲಿಯ ದೇಶಗಳವರೆಗೆ ನಮ್ಮವರೆಲ್ಲ ಅದನ್ನು ನೋಡಿದರು. ನನ್ನ ಗೆಳೆಯರು ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ "ಇನ್ನೊಮ್ಮೆ!" ಎಂಬ ಕೂಗು. ಮದುವೆಗೆ ಹೋದರೆ ಊಟದ ಹಂತಿಯಲ್ಲಿ "ಇನ್ನೊಮ್ಮೆ!" ಮೊದಮೊದಲು ಅವರಿಗೂ ಸಂತೋಷವೇ ಆಗಿತ್ತು. ಯಾವ ಕಲಾವಿದನಿಗೆ ಆಗುವುದಿಲ್ಲ?

ಆ ವರ್ಷ ಮಕರ ತಿಂಗಳಲ್ಲಿ ಅವರಿಗೆ ಖಾಲಿ ರಾತ್ರಿ ಎಂಬುದೇ ಇರಲಿಲ್ಲ. ರಾತ್ರಿಯಿಡೀ ನಡೆಯದೆ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟ ಬಂದ ಮೇಲೆ ನಿದ್ದೆ ಸಿಗುತ್ತದೆ ಎಂದು ನಾವು ತಿಳಿದಿದ್ದೆವು. ಹಾಗಾಗಲಿಲ್ಲ. ಒಂದು ಕಡೆ ಆಟ ಮುಗಿಸಿ, ಅದೇ ವೇಷದಲ್ಲಿ ಕಾರು ಹತ್ತಿ, ಇನ್ನೊಂದು ಕಡೆಯ ರಂಗಸ್ಥಳಕ್ಕೆ ಓಡುವುದು ಶುರುವಾಯಿತು. ಮಧ್ಯಾಹ್ನ, ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ ಬೇರೆ. ಎಲ್ಲ ಕಡೆಯಲ್ಲೂ ಆ ಮುದುಕ ದೂತನೇ ಬೇಕು. ಪ್ರಸಂಗದಲ್ಲಿ ದೂತ ಇಲ್ಲದಿದ್ದರೂ ಬೇಕು. ದೇವೇಂದ್ರನ ಒಡ್ಡೋಲಗಕ್ಕೂ ಕಿವುಡ ಮುದುಕ ಬಂದ. ಇದು ಸರಿಯಲ್ಲ ಎಂದು ಭಾಗವತರು ಹೇಳಿದರು. ಸಂಘಟಕರು ಕೇಳಲಿಲ್ಲ.

ಅದೇ ತಿಂಗಳಲ್ಲಿ ಅವರ ಅಮ್ಮ ತೀರಿಕೊಂಡರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ನಾನು ಅಲ್ಲೇ ಇದ್ದೆ. ಊಟ ಆಗಿ ಜನ ಹೊರಡುತ್ತಿದ್ದರು. ಒಬ್ಬರು, ಒಳ್ಳೆಯ ಮನುಷ್ಯರೇ, ಮಗುವನ್ನು ಎತ್ತಿಕೊಂಡು ಇವರ ಹತ್ತಿರ ಬಂದರು. ಮೊಬೈಲು ಹಿಡಿದು, "ಮಗುವಿಗೆ ನಿಮ್ಮದೆಂದರೆ ಜೀವ, ಒಂದು ಸಲ ಹೇಳಿ ಮಾರಾಯ್ರೆ" ಎಂದರು. ಅಂಗಳದಲ್ಲಿ ಎಲ್ಲರೂ ತಿರುಗಿ ನೋಡಿದರು. ಯಾರಾದರೂ ಬೇಡ ಎನ್ನುತ್ತಾರೆ ಎಂದು ನಾನು ಕಾದೆ. ನಾನೂ ಹೇಳಲಿಲ್ಲ. ಅದು ನನ್ನ ತಪ್ಪು, ಇಲ್ಲಿ ಒಪ್ಪಿಕೊಳ್ಳುತ್ತೇನೆ. ನನ್ನ ಗೆಳೆಯರು ಕತ್ತು ಓರೆ ಮಾಡಿದರು, ಅದೇ ಸ್ವರ ತಂದರು, "ಕೇಳ್ಲಿಲ್ಲ ಮಾರಾಯ್ರೆ, ಇನ್ನೊಮ್ಮೆ ಹೇಳಿ" ಎಂದರು. ಮಗು ನಕ್ಕಿತು. ಜನರೂ ನಕ್ಕರು. ಆ ದಿನದಿಂದ ಅವರು ಮನೆಯಲ್ಲೂ ಆ ಸ್ವರ ಬಿಡಲಿಲ್ಲ.

ಹೆಂಡತಿ ಕರೆದರೆ ಕೇಳುತ್ತಿರಲಿಲ್ಲ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. "ಅಪ್ಪಾ, ನಿಮ್ಮ ಸ್ವರದಲ್ಲಿ ಮಾತಾಡಿ" ಎಂದು ಅತ್ತಳಂತೆ. ರಾತ್ರಿ ಆಟ ಇಲ್ಲದ ದಿನವೂ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಮಂಗಳೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಸರಿಯಾಗಿಯೇ ಇತ್ತು.

ಮನಸ್ಸು ಸರಿ ಇಲ್ಲ, ಹದಿನೈದು ದಿನ ರಜೆ ಬೇಕು ಎಂದು ಅವರು ಸಂಘಟಕರನ್ನು ಕೇಳುವಾಗ ನಾನು ಜೊತೆಗಿದ್ದೆ. "ಜನರನ್ನು ನಗಿಸುವವರಿಗೆ ಎಂತ ಬೇಸರ ನಿಮಗೆ? ನಿಮ್ಮ ಹೆಸರು ಹಾಕಿ ನೋಟೀಸು ಹಂಚಿ ಆಗಿದೆ" ಎಂಬ ಉತ್ತರ ಬಂತು. ಮುಂಗಡ ತೆಗೆದುಕೊಂಡಿದ್ದರಿಂದ ಇವರು ಸುಮ್ನೆ ತಲೆ ತಗ್ಗಿಸಿ ಬಂದರು. ಕಾಲು ಉಳುಕಿದೆ ಎಂದಿದ್ದರೆ ರಜೆ ಸಿಗುತ್ತಿತ್ತು, ಅಲ್ವಾ? ಜ್ವರ ಎಂದಿದ್ದರೂ ಸಿಗುತ್ತಿತ್ತು. ಸತ್ಯ ಹೇಳಿದ್ದಕ್ಕೆ ಸಿಗಲಿಲ್ಲ. ಅದರ ಮೇಲೆ, ವೇಷ ತಲೆಗೇರಿದೆ, ಆಸಾಮಿಗೆ ಮರುಳು ಹಿಡಿದಿದೆ ಎಂಬ ಸುದ್ದಿ ಎರಡು ವಾರದಲ್ಲಿ ಪೆರ್ಲದವರೆಗೆ ಮುಟ್ಟಿತು.

ನನ್ನ ಮಗ ಆ ದಿನಗಳಲ್ಲಿ ನನಗೆ ಹಾಲಿವುಡ್‌ನ ಹಾಸ್ಯನಟ ಜಿಮ್ ಕ್ಯಾರಿಯವರ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿದ. 2017ರಲ್ಲಿ ಬಂದದ್ದು. ಕ್ಯಾರಿ 1999ರ ಒಂದು ಸಿನಿಮಾದಲ್ಲಿ ಆಂಡಿ ಕೌಫ್‌ಮನ್ ಎಂಬ ಇನ್ನೊಬ್ಬ ಹಾಸ್ಯ ಕಲಾವಿದನ ಪಾತ್ರ ಮಾಡಿದ್ದರು. ಕೌಫ್‌ಮನ್ 1984ರಲ್ಲಿ, 35ನೇ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಹೋದವರು. ಸಿನಿಮಾ ತೆಗೆಯುವಷ್ಟು ದಿನ ಕ್ಯಾರಿ ಕ್ಯಾಮೆರಾ ನಿಂತ ಮೇಲೂ ಆಂಡಿಯೇ ಆಗಿದ್ದರು. ಸ್ವಂತ ಹೆಸರು ಹಿಡಿದರೆ ಓಗೊಡುತ್ತಿರಲಿಲ್ಲ. ಆಗ ಸೆಟ್ಟಿನಲ್ಲಿ ತೆಗೆದಿದ್ದ ವಿಡಿಯೋ ಸುಮಾರು 20 ವರ್ಷ ಹೊರಗೆ ಬಂದಿರಲಿಲ್ಲ. ಎಲ್ಲ ಮುಗಿದ ಮೇಲೆ, ತನ್ನ ಅಭಿಪ್ರಾಯಗಳು ಯಾವುವು ಎಂಬುದನ್ನೂ ನೆನಪು ಮಾಡಿಕೊಳ್ಳಬೇಕಾಯಿತು ಎಂದು ಅವರು ಅದರಲ್ಲಿ ಹೇಳುತ್ತಾರೆ. ಆಂಡಿ ಆಗಿದ್ದಷ್ಟು ದಿನ ತನ್ನಿಂದಲೇ ತನಗೆ ರಜೆ ಸಿಕ್ಕಿದ ಹಾಗಿತ್ತು, ತನ್ನ ಸಂಕಟಗಳು ಆ ದಿನಗಳಲ್ಲಿ ಇರಲಿಲ್ಲ ಎಂಬರ್ಥದ ಮಾತೂ ಬರುತ್ತದೆ. ಖಿನ್ನತೆಗೆ ಔಷಧ ತೆಗೆದುಕೊಂಡದ್ದನ್ನು ಅವರು 2004ರಲ್ಲೇ ಟಿವಿ ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ್ದರು.

ಆ ರಜೆಯ ಮಾತು ಕೇಳಿದಾಗ ನನಗೆ ನನ್ನ ಗೆಳೆಯರ ವಿಷಯ ಅರ್ಥವಾಯಿತು. ಮಾರನೇ ದಿನ ಅವರ ಮನೆಗೆ ಹೋಗಿ ನೇರವಾಗಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅವರದ್ದೇ ಸ್ವರದಲ್ಲಿ ಹೇಳಿದರು: "ಆ ಅಜ್ಜನಿಗೆ ಅಮ್ಮ ಸತ್ತಿಲ್ಲ ಅಲ್ವಾ? ಅವನೊಳಗೆ ಇದ್ದಷ್ಟು ಹೊತ್ತು ನನಗೂ ಸತ್ತಿಲ್ಲ."

ಊರಿನವರು ತಿಳಿದದ್ದು, ಪಾತ್ರ ಅವರನ್ನು ಹಿಡಿದುಕೊಂಡಿತು ಎಂದು. ನಡೆದದ್ದು ಹಾಗಲ್ಲ. ಅಳಲು ಅವರಿಗೆ ನಾವು ಬೇರೆ ಎಲ್ಲೂ ಜಾಗ ಬಿಟ್ಟಿರಲಿಲ್ಲ. ಅವರು ವೇಷದೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇದನ್ನು ಬರೆಯುವಾಗ ಜಾಗ್ರತೆಯೂ ಬೇಕು. ನಗಿಸುವವರೆಲ್ಲ ಒಳಗೊಳಗೆ ಅಳುತ್ತಿರುತ್ತಾರೆ ಎಂಬ ಮಾತು ನಮಗೆಲ್ಲ ಇಷ್ಟ. ಅದು ಕಥೆಗೆ ಚಂದ. ಹಾಸ್ಯನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ತೀರಿಕೊಂಡಾಗಲೂ ಜನ ಇಂಥದ್ದೇ ಕಥೆ ಕಟ್ಟಿದರು. ಮರಣೋತ್ತರ ಪರೀಕ್ಷೆಯಲ್ಲಿ ಲ್ಯೂಯಿ ಬಾಡಿ ಎಂಬ ಮೆದುಳಿನ ಕಾಯಿಲೆ ಕಂಡುಬಂತು. ಬದುಕಿದ್ದಾಗ ಅದು ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಕಾರಣ ಹೇಳುವ ಕೆಲಸ ವೈದ್ಯರದ್ದು. ನನ್ನ ಗೆಳೆಯರನ್ನು ನೋಡಿದ ಮನೋವೈದ್ಯರೂ ಇದನ್ನೇ ಹೇಳಿದರು. ಪಾತ್ರದಿಂದ ಕಾಯಿಲೆ ಬಂತು ಎಂದು ಎಲ್ಲೂ ಹೇಳಬೇಡಿ, ನಿದ್ದೆ ಕೆಟ್ಟಿದೆ, ದುಃಖ ಒಳಗೇ ಉಳಿದಿದೆ, ಖಿನ್ನತೆ ಇದೆ, ಇದಕ್ಕೆ ಔಷಧ ಇದೆ ಎಂದರು. ಅಭಿನಯ ಬಿಡಿ ಎಂದು ಅವರು ಹೇಳಲೇ ಇಲ್ಲ. ಆ ಒಂದು ಮಾತಿಗೇ ನನ್ನ ಗೆಳೆಯರ ಅರ್ಧ ಭಾರ ಇಳಿಯಿತು.

ಆದರೆ ಆ ವೈದ್ಯರ ಹತ್ತಿರ ಮುಟ್ಟಲು ನಾವು ನಾಲ್ಕು ತಿಂಗಳು ತೆಗೆದುಕೊಂಡೆವು. ಮೊದಲು ಊರ ಹತ್ತಿರವೇ ಒಂದು ಕಡೆ ಹೋಗಿದ್ದೆವು. ಅಲ್ಲಿ ಮಾತಾಡಿಸಿದವರಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ, ಮಲಯಾಳ ಮಾತ್ರ. ಅವರು ಪ್ರೀತಿಯಿಂದಲೇ ಮಾತಾಡಿದರು, ಅವರನ್ನು ದೂರುವುದಿಲ್ಲ. ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ ನಮಗೆಲ್ಲರಿಗೂ ಬರುತ್ತದೆ. ಅಮ್ಮ ಹೋದ ಸಂಕಟ ಹೇಳುವಷ್ಟು ಬರುವುದಿಲ್ಲ. ರಂಗಸ್ಥಳದಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ ಮನುಷ್ಯ ಅಲ್ಲಿ ನಾಲ್ಕು ವಾಕ್ಯ ಹೇಳಲಾಗದೆ ಎದ್ದು ಬಂದರು. ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆಯವರು ಈ ಪತ್ರ ಓದಿದರೆ ಅವರಲ್ಲಿ ನನ್ನದೊಂದು ಪ್ರಾರ್ಥನೆ: ಕನ್ನಡ, ತುಳು ಜಾಸ್ತಿ ಮಾತಾಡುವ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಗೆ ಆ ಭಾಷೆ ಬಲ್ಲ ಆಪ್ತಸಲಹೆಗಾರರನ್ನು ಕೊಡಿ. ಮನಸ್ಸಿನ ಕಾಯಿಲೆಗೆ ಮಾತೇ ಅರ್ಧ ಔಷಧ. ಆ ಮಾತು ರೋಗಿಯ ಭಾಷೆಯಲ್ಲಿ ಇರಬೇಕು.

ಮೇಳದ ಯಜಮಾನರೇ, ಸಂಘಟಕರೇ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆಟ ಆಡಿಸುವುದು ಸುಲಭ ಅಲ್ಲ. ಜನ ಬರಬೇಕು, ಖರ್ಚು ಹುಟ್ಟಬೇಕು, ಹೆಸರಿದ್ದ ಕಲಾವಿದ ಇದ್ದರೆ ಜನ ಬರುತ್ತಾರೆ. ಆದರೂ ಕೇಳುತ್ತೇನೆ. ಒಬ್ಬ ಕಲಾವಿದ ಒಂದು ರಾತ್ರಿಯಲ್ಲಿ ಎರಡು ಕಡೆ ವೇಷ ಮಾಡುವಂತೆ ದಯವಿಟ್ಟು ಒತ್ತಾಯಿಸಬೇಡಿ. ವಾರಕ್ಕೆ ಒಂದು ರಾತ್ರಿ ಪೂರ್ತಿ ಬಿಡುವು ಕೊಡಿ, ಮುಂಗಡದ ಮಾತುಕತೆಯಲ್ಲೇ ಅದನ್ನು ಸೇರಿಸಿ. ಮನಸ್ಸು ಸರಿ ಇಲ್ಲ ಎಂದು ಕಲಾವಿದ ಹೇಳಿದರೆ, ಅದನ್ನು ಜ್ವರ ಎಂದು ಕೇಳಿದಷ್ಟೇ ಸಲೀಸಾಗಿ ಕೇಳಿ. ಕೆಲವು ಕಡೆ ಕಲಾವಿದರಿಗೆ ವಿಮೆ ಮಾಡಿಸುತ್ತೀರಿ, ಅದು ದೊಡ್ಡ ಉಪಕಾರ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕು. ಮುಂದಿನ ಸಲ ಸಹಿ ಹಾಕುವ ಮೊದಲು ಅದು ಸೇರಿದೆಯಾ ಎಂದು ಒಂದು ಮಾತು ಕೇಳಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಚೌಕಿಯಲ್ಲಿ ಕನ್ನಡಿಯ ಪಕ್ಕ ಅಂಟಿಸಿ. ಕಲಾವಿದರೆಲ್ಲ ದಿನಾ ನೋಡುವ ಜಾಗ ಅದೊಂದೇ.

ಇನ್ನು ಪ್ರೇಕ್ಷಕರಲ್ಲಿ.

ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರನ್ನು ನೆನಪು ಮಾಡಿಕೊಳ್ಳಿ. ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಇಡುತ್ತಾರೆ. ದೊಂದಿ ಹಿಡಿದು, ರಾಳದ ಬೆಂಕಿ ಎಬ್ಬಿಸಿ, ನಿಮ್ಮ ನಡುವಿನಿಂದಲೇ ಮಹಿಷಾಸುರ ಆರ್ಭಟ ಹಾಕಿ ಬರುತ್ತಾನೆ. ಆದರೆ ಮಾರನೇ ದಿನ ಅಂಗಡಿಯಲ್ಲಿ ಅದೇ ಮನುಷ್ಯ ಬೀಡಿ ಕೊಳ್ಳುವಾಗ ನಿಮಗೆ ಗುರುತು ಸಿಗುವುದಿಲ್ಲ. ಚುಟ್ಟಿಯ ಜೊತೆಗೆ ಮಹಿಷಾಸುರನೂ ಹೋಗಿರುತ್ತಾನೆ. ದೈವದ ವೇಷವಾದ ತೆಯ್ಯಂ ಕಟ್ಟುವವರನ್ನು ನೋಡಿ. ಕನ್ನಡಿಯಲ್ಲಿ ಮುಖ ನೋಡಿಕೊಂಡ ಮೇಲೆ ಅವರು ದೈವ. ತಲೆಯ ಮೇಲಿನ ಮುಡಿ ಇಳಿಸಿದ ಮೇಲೆ ನಮ್ಮ ಹಾಗೆ ಮನುಷ್ಯ. ಮುಡಿ ಇಳಿಸಿದವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನುಡಿ ಕೊಡಿ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಒಳಗೆ ಹೋಗಲು ಒಂದು ಬಾಗಿಲು, ಹೊರಗೆ ಬರಲು ಒಂದು ಬಾಗಿಲು ನಮ್ಮ ಹಿರಿಯರು ಇಟ್ಟಿದ್ದರು.

ಹಾಸ್ಯಗಾರರಿಗೆ ಬಣ್ಣ ಕಡಿಮೆ. ಹೆಚ್ಚುಕಡಿಮೆ ಸ್ವಂತ ಮುಖದಲ್ಲೇ ಅವರು ರಂಗಸ್ಥಳಕ್ಕೆ ಬರುತ್ತಾರೆ. ಹಾಗಾಗಿ ಅವರಿಗೆ ಸಿಕ್ಕಿದ ಹೆಸರು ಆ ಸ್ವಂತ ಮುಖಕ್ಕೇ ಅಂಟಿಕೊಳ್ಳುತ್ತದೆ. ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಅದು ಹೋಗುವುದಿಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ನೀವು ಅವರನ್ನು ಗುರುತಿಸುತ್ತೀರಿ. ಗುರುತಿಸಿ, ನಗಿ, ಕೈ ಮುಗಿಯಿರಿ, ಆಟ ಚಂದ ಆಗಿತ್ತು ಎನ್ನಿ. ಅದು ಅವರಿಗೂ ಬೇಕು. ಮಾತು ಹೇಳಿ ಎಂದು ಮಾತ್ರ ಕೇಳಬೇಡಿ. ಮೊಬೈಲು ಹಿಡಿದು ಕೇಳಲೇಬೇಡಿ. ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಜನರ ಮುಖ ಬಾಡದಂತೆ ನೋಡಿಕೊಳ್ಳುವುದನ್ನು ಚಿಕ್ಕಂದಿನಿಂದ ಕಲಿತವರು ಅವರು.

ನಾನು ಮೇಳಕ್ಕೆ ಸೇರಿದ ವರ್ಷ ಒಬ್ಬರು ಹಿರಿಯ ವೇಷಧಾರಿ ಇದ್ದರು. ಆಟ ಮುಗಿದು ಮಂಗಳ ಹಾಡಿದ ಮೇಲೆ ಚೌಕಿಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಹೋಗಿ, ಅವರವರ ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕರೆಯುತ್ತಿದ್ದರು. ಕಿರೀಟ ಬಿಚ್ಚುತ್ತಿದ್ದ ರಾವಣನನ್ನೂ ಹಾಗೇ ಕರೆದು, "ತೋಟಕ್ಕೆ ನೀರು ಬಿಟ್ಟಾಯಿತಾ? ಮಗಳ ಜ್ವರ ಹೇಗಿದೆ?" ಎಂದು ಕೇಳುತ್ತಿದ್ದರು. ಆಗ ನನಗೆ ಅದು ಬರೀ ಪಟ್ಟಾಂಗ ಎಂದು ಕಾಣುತ್ತಿತ್ತು. ಈಗ ಆಟ ಮುಗಿಯುವ ಮೊದಲೇ ಕಾರು ಕಾಯುತ್ತಿರುತ್ತದೆ. ಬಣ್ಣ ತೆಗೆಯುವವರ ಪಕ್ಕ ಕೂರುವವರು ಯಾರೂ ಇಲ್ಲ. ಚೌಕಿಯಲ್ಲಿ ಆ ಕೆಲಸವನ್ನು ಮತ್ತೆ ಶುರು ಮಾಡೋಣ ಎಂದು ನನ್ನ ಜೊತೆಯ ಕಲಾವಿದರಲ್ಲಿ ಕೇಳಿಕೊಳ್ಳುತ್ತೇನೆ. ಅದಕ್ಕೆ ಯಾರ ಅನುಮತಿಯೂ ಬೇಡ, ಖರ್ಚೂ ಇಲ್ಲ.

ನನ್ನ ಗೆಳೆಯರು ಈಗ ಚೆನ್ನಾಗಿದ್ದಾರೆ. ಔಷಧ ತೆಗೆದುಕೊಳ್ಳುತ್ತಾರೆ, ರಾತ್ರಿ ನಿದ್ದೆ ಬರುತ್ತದೆ. ಮಗಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಒಂದು ವರ್ಷ ವೇಷ ಮಾಡಿರಲಿಲ್ಲ. ಈ ಸಲ ದೀಪಾವಳಿ ಕಳೆದು ನಮ್ಮ ಊರಿನಲ್ಲೇ ಒಂದು ಹರಕೆ ಆಟ ಇದೆ. ಅದರಲ್ಲಿ ನಳ ದಮಯಂತಿ ಪ್ರಸಂಗ, ಅವರದ್ದು ಬಾಹುಕ, ಅಂದರೆ ರೂಪ ಕೆಟ್ಟ ನಳ. ಅವರೇ ಕೇಳಿ ತೆಗೆದುಕೊಂಡ ವೇಷ. ಮದ್ದಳೆಗೆ ನಾನಿದ್ದೇನೆ.

ನೀವೆಲ್ಲ ಬನ್ನಿ. ನಗು ಬಂದರೆ ನಗಿ, ಅಳು ಬಂದರೆ ಅಳಿ. "ಇನ್ನೊಮ್ಮೆ" ಎಂದು ಮಾತ್ರ ಕೂಗಬೇಡಿ. ಮಂಗಳ ಆದ ಮೇಲೆ ಚೌಕಿಯ ಬಾಗಿಲಲ್ಲಿ ಗುಂಪು ಕೂಡಬೇಡಿ. ಮಗಳು ಅವರನ್ನು ಮನೆಗೆ ಕರಕೊಂಡು ಹೋಗಲು ಬರುತ್ತಾಳೆ. ಅವರಿಬ್ಬರಿಗೆ ದಾರಿ ಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ಬದಿಯಡ್ಕ ಸಮೀಪದ ಒಬ್ಬ ಮದ್ದಳೆಗಾರ